ಸುಮ್ನ ಹೊಂಟೀವ್ರಿ

ಪ್ಯಾಂಟಿನ ಕ್ಲಿಪ್ಪು ಅಂದರೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೂ ತಪ್ಪಿಲ್ಲ. ಅರ್ಧಕ್ಕೆ ಕತ್ತರಿಸಿದ ಬಳೆಯಂಥ ಉಕ್ಕಿನ ಪಟ್ಟಿ ಅದು. ಸೈಕಲ್ ತುಳಿಯುವಾಗ ಪ್ಯಾಂಟಿನ ಬಲಗಾಲು ಚೈನಿಗೆ ಸಿಕ್ಕು ಹರಿಯದಿರಲಿ ಎಂದು ಪಾದದ ಮೇಲೆ ಬಿಗಿಯಾಗಿ ತೊಟ್ಟುಕೊಳ್ಳುವುದು. ಮೊನ್ನೆ ಅಂಗಿಯ ಗುಂಡಿ ಹಚ್ಚಿಕೊಳ್ಳಲು ಹೊಲಿಗೆಯ ಡಬ್ಬಿಯಲ್ಲಿ ಸೂಜಿ ಹುಡುಕುತ್ತಿದ್ದೆ. ಸೂಜಿ ಸಿಗಲಿಲ್ಲ, ಕ್ಲಿಪ್ಪು ಸಿಕ್ಕಿತು. ಗುಂಡಿಯನ್ನು ಮರೆತು ಅದನ್ನು ಕಾಲಿಗೆ ಹಾಕಿಕೊಂಡು ನೋಡಿದೆ. ಹಾಕಿಕೊಂಡದ್ದು ಲುಂಗಿಯ ಮೇಲೆ ಎಂಬುದು ನನ್ನ ಹೆಂಡತಿ ನಕ್ಕ ಮೇಲೆಯೇ ತಿಳಿದದ್ದು.

"ಎಲ್ಲಿಗೆ ಹೊಂಟ್ರಿ ಮತ್ತ?" ಎಂದಳು.

"ಎಲ್ಲಿಗೂ ಇಲ್ಲ, ಸುಮ್ನ."

"ಆ ಮಾತು ಮಾತ್ರ ನನ್ನ ಮುಂದ ಆಡಬ್ಯಾಡ್ರಿ. ಹ್ವಾದ ವರ್ಷ ಸುಮ್ನ ಹೋಗಿ ಏನ್ ಮಾಡಿ ಬಂದ್ರಿ ಅನ್ನೂದು ಗುರುಗುಂಟಾದ ಮಂದೀಗೆಲ್ಲ ಗೊತ್ತೈತಿ."

ನಾನು ಮಾಡಿದ್ದು ಅಂಥ ದೊಡ್ಡದೇನಲ್ಲ. ಒಂದು ಮಾತು ಆಡಿದ್ದೆ. ಆದರೆ ಮಾತಿನ ವಿಷಯದಲ್ಲಿ ನಾನು ಜವಾಬ್ದಾರಿಯ ಮನುಷ್ಯ ಎಂದು ಊರು ನಂಬಿತ್ತು. ಯಾಕೆಂದರೆ ಸಿಂಧನೂರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಟಪಾಲಿನವ. ಮುಕ್ಕುಂದದ ಕಡೆಯ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ ಪತ್ರ ಹಂಚುತ್ತಿದ್ದೆ. ಹಂಚುವುದರ ಜೊತೆಗೆ ಓದಿ ಹೇಳುವುದು, ಹೇಳಿದ್ದನ್ನು ಬರೆದು ಕೊಡುವುದು. ಶಾಲೆಯಲ್ಲಿ ನಾನು ಕಲಿತದ್ದು ಅಕ್ಷರ ಮಾತ್ರ. ಭಾಷೆ ಕಲಿತದ್ದು ಆ ಮುದುಕ ಮುದುಕಿಯರಿಂದ. ಮುಕ್ಕುಂದದ ಒಬ್ಬ ಅಜ್ಜಿ ದೂರದೂರಿನ ಅಳಿಯನಿಗೆ ಪತ್ರ ಬರೆಸುತ್ತಿದ್ದಳು. "ಬರಿಯಪಾ, ನಾವು ಎಲ್ಲಾರೂ ಆರಾಮ ಅದೀವಿ. ಆರಾಮ ಇಲ್ಲ ಅಂತ ಬರೀಬ್ಯಾಡ. ಆದ್ರ ಓದಿದಾಂವಗ ಆರಾಮ ಇಲ್ಲ ಅಂತ ತಿಳೀಬೇಕು ನೋಡು, ಹಂಗ ಬರಿ." ಇಷ್ಟು ಹೇಳಿ ಆಕೆ ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ನಾನು ಪೆನ್ನು ಕಚ್ಚುತ್ತ ಬೇವಿನ ಗಿಡದ ಕೆಳಗೆ ಬೆವರುತ್ತಿದ್ದೆ. ಇವತ್ತಿಗೂ ಬರೆಯುವಾಗ ಆ ಅಜ್ಜಿ ಎದುರಿಗೆ ಕೂತು ಅಡಿಕೆ ಕಡಿಯುತ್ತಿದ್ದಾಳೆ ಎನಿಸುತ್ತದೆ.

ನಿವೃತ್ತನಾದ ಮೇಲೆ ಸೈಕಲ್ಲು ಹಿತ್ತಲು ಸೇರಿತು. ಅದರ ಕ್ಯಾರಿಯರಿನ ಮೇಲೆ ಪಕ್ಕದ ಮನೆಯ ಕೋಳಿ ಮಲಗತೊಡಗಿತು. ಅದನ್ನು ಎಬ್ಬಿಸಿ ಸೈಕಲ್ ಹೊರಗೆ ತೆಗೆಯುವಂತೆ ಮಾಡಿದವನು ನನ್ನ ಗೆಳೆಯ ಮಹಿಬೂಬ.

ಮಹಿಬೂಬ ದರ್ಜಿ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಒಂದೇ ಬಾಡಿಗೆ ಸೈಕಲ್ಲಿನ ಮೇಲೆ ಕಲಿತವರು. ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಸೈಕಲ್ಲಿನ ಚೌಕಟ್ಟಿನ ಒಳಗಿಂದಲೇ ಒಂದು ಕಾಲು ತೂರಿಸಿ, ಕತ್ತರಿಯ ಹಾಗೆ ಓರೆಯಾಗಿ ತುಳಿಯುವುದಿತ್ತಲ್ಲ, ಅದಕ್ಕೆ ಕತ್ರಿ ಹೊಡೆಯುವುದು ಎನ್ನುತ್ತಿದ್ದೆವು. ಮುಂದೆ ಅವನು ಅರಿವೆಯ ಮೇಲೆ ಕತ್ತರಿ ಆಡಿಸಿದ, ನಾನು ರಸ್ತೆಯ ಮೇಲೇ ಉಳಿದೆ. ಒಂದು ಮಧ್ಯಾಹ್ನ ಅವನ ಅಂಗಡಿಯಲ್ಲಿ ಕೂತಿದ್ದಾಗ ಫೋನು ಮುಂದೆ ಹಿಡಿದ.

"ನೋಡಿಲ್ಲಿ ಈರಣ್ಣಾ, ಏನ್ ಮಂದಿ ಇವರು!"

ಫ್ರಾನ್ಸ್ ದೇಶದ ಹಳ್ಳಿಗಾಡಂತೆ. ಎರಡೂ ಕಡೆ ದ್ರಾಕ್ಷಿ ತೋಟ, ನಡುವೆ ಸಣ್ಣ ದಾರಿ, ದೂರದಲ್ಲೊಂದು ಹಳೆಯ ಕೋಟೆ, ಕಲ್ಲಿನ ಸೇತುವೆ. ನಮ್ಮ ವಯಸ್ಸಿನ ಗಂಡಸರು, ಹೆಂಗಸರು ತಲೆಗೆ ಬುಟ್ಟಿಯಂಥ ಟೋಪಿ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದರು. ತುಳಿಯುತ್ತಿದ್ದರು ಎನ್ನುವುದಕ್ಕಿಂತ ತೇಲುತ್ತಿದ್ದರು. ಒಂದು ಊರಿನಲ್ಲಿ ಇಳಿದು ಗುಡಿಯಂಥದ್ದನ್ನು ನೋಡಿದರು, ಮತ್ತೆ ಹತ್ತಿದರು. ಒಂದು ಗಿಡದ ಕೆಳಗೆ ಇಳಿದು ಏನೋ ತಿಂದರು, ಮತ್ತೆ ಹತ್ತಿದರು.

"ಎಲ್ಲಿಗೆ ಹೊಂಟಾರ ಇವರು?" ಎಂದೆ. ಹಳೆಯ ಕಸುಬಿನ ಪ್ರಶ್ನೆ.

"ಎಲ್ಲಿಗೂ ಇಲ್ಲ. ಸುಮ್ನ ಹೊಂಟಾರ."

ಮೂವತ್ತು ವರ್ಷ ಸೈಕಲ್ ತುಳಿದವನು ನಾನು. ಒಂದು ದಿನವಾದರೂ ಖಾಲಿ ಚೀಲ ಹಾಕಿಕೊಂಡು ತುಳಿದಿರಲಿಲ್ಲ. ಪ್ರತಿ ಸಲವೂ ಯಾರದೋ ಪತ್ರ, ಯಾರದೋ ಮನೆ. ದಾರಿ ಅನ್ನುವುದನ್ನು ನಾನು ನೋಡಿಯೇ ಇಲ್ಲವಲ್ಲ ಎನಿಸಿತು.

"ನಮ್ಮ ಕಡೆ ಏನ್ ಕಡಿಮಿ ಐತಿ?" ಎಂದ ಮಹಿಬೂಬ. "ಮಸ್ಕ್ಯಾಗ ಅಶೋಕ ರಾಜನ ಶಾಸನ ಐತಿ. ಅವರಿಗೆ ಅಷ್ಟು ಹಳೀದು ಎಲ್ಲಿಂದ ಬರಬೇಕು? ಮುದಗಲ್ಲ ಕೋಟಿ ಐತಿ. ಹಟ್ಟ್ಯಾಗ ಬಂಗಾರದ ಗಣಿ ಐತಿ. ಮಸ್ಕಿ ಕಲ್ಲು ನೋಡೀಯೇನು ನೀ?"

"ನೋಡೀನಿ... ಬಸ್ಸಿನ್ಯಾಗ ಕುಂತು, ಗುಡ್ಡ ನೋಡೀನಿ."

"ನಾನೂ ಅಷ್ಟ. ನಡಿ ಹಂಗಾರ!"

ಹೀಗೆ ಸಂಕ್ರಾಂತಿ ಕಳೆದ ಒಂದು ಗುರುವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ಮಸ್ಕಿ ನೋಡಿ, ಲಿಂಗಸುಗೂರಿನಲ್ಲಿ ಮಹಿಬೂಬನ ಅಕ್ಕನ ಮನೆಯಲ್ಲಿ ಮಲಗಿ, ಮರುದಿನ ಗುರುಗುಂಟಾದಲ್ಲಿರುವ ನನ್ನ ಸೋದರತ್ತೆಯ ಮನೆ. ಅಲ್ಲಿಂದ ಮುಂದೆ ಮನಸ್ಸು ಬಂದ ಕಡೆ. ಕೋಳಿ ಬಹಳ ಬೇಸರ ಮಾಡಿಕೊಂಡಿತು.

ಊರು ದಾಟುವ ಮೊದಲೇ ಒಂದು ಸಂಗತಿ ಗೊತ್ತಾಯಿತು. ಫ್ರಾನ್ಸಿನವರಿಗೆ ಇಲ್ಲದ ತೊಂದರೆಯೊಂದು ನಮಗಿದೆ. ಅಲ್ಲಿ ಸೈಕಲ್ ಮೇಲೆ ಹೋಗುವವರನ್ನು ಯಾರೂ ನಿಲ್ಲಿಸಿ ಮಾತಾಡಿಸುವುದಿಲ್ಲ.

"ಎಲ್ಲಿಗೆ ಹೊಂಟೀರಿ?" ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಕೂತ ಕಡೆ ಹೋಟೆಲಿನವ ಕೇಳಿದ.

"ಸುಮ್ನ ಹೊಂಟೀವ್ರಿ."

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನ."

ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿದ. "ಮನ್ಯಾಗ ಜಗಳ ಆಗೇತೇನ್ರಿ?"

ಮುಂದೆ ಒಬ್ಬ ಟ್ರ್ಯಾಕ್ಟರಿನವನು ನಮ್ಮ ಪಕ್ಕಕ್ಕೆ ಬಂದು ನಿಧಾನ ಮಾಡಿದ. "ಗಾಡಿ ಕೆಟ್ಟೈತೇನ್ರಿ? ಹತ್ರಿ, ಸೈಕಲ್ ಹಿಂದ ಒಗೀರಿ." ಬೇಡವೆಂದರೆ ಅವನಿಗೆ ಸಿಟ್ಟೇ ಬಂತು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಹತ್ತಿರ ಗದ್ದೆಗೆ ನೀರು ಬಿಡುತ್ತಿದ್ದ ತೆಲುಗಿನ ಯಜಮಾನರೊಬ್ಬರು ನಮ್ಮ ಮಾತು ಕೇಳುವ ಮೊದಲೇ "ಷುಗರಾ?" ಎಂದು ಕರುಣೆಯಿಂದ ಕೇಳಿದರು. ಮಹಿಬೂಬನಿಗೆ ಸಾಕಾಗಿತ್ತು. "ಹೌದ್ರಿ, ಸಕ್ಕರಿ ಬ್ಯಾನಿ. ಡಾಕ್ಟರು ತುಳೀರಿ ಅಂದಾರ" ಎಂದ. ತಕ್ಷಣ ಎಲ್ಲವೂ ಸಲೀಸಾಯಿತು! ಯಜಮಾನರು ಹಾಗಲಕಾಯಿಯ ರಸ ಯಾವ ಹೊತ್ತಿಗೆ ಕುಡಿಯಬೇಕೆಂದು ಹೇಳಿ ಬೀಳ್ಕೊಟ್ಟರು. ಇನ್ನೊಂದು ಊರಿನಲ್ಲಿ ನಾನು "ಹರಕಿ ಐತ್ರಿ" ಎಂದೆ. ಅಲ್ಲಿ ಒಬ್ಬ ಮುದುಕಿ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ಮುಗಿದಳು. ಮಹಿಬೂಬ ಅತ್ತ ತಿರುಗಿ ಕೆಮ್ಮಿದ.

ನೋಡಿ, ನಮ್ಮ ಜನಕ್ಕೆ ಕಾರಣ ಬೇಕು. ಯಾವ ಕಾರಣವಾದರೂ ನಡೆದೀತು, ಖಾಲಿ ಕೈಯಲ್ಲಿ ಮಾತ್ರ ಬರಬಾರದು. ಸುಳ್ಳಿನ ರುಚಿ ಹತ್ತಿದ್ದು ನಮಗೆ ಇಲ್ಲಿಂದಲೇ.

ಆದರೆ ದಾರಿ! ಬಸ್ಸಿನಲ್ಲಿ ಇಷ್ಟು ವರ್ಷ ಹೋಗಿ ಬಂದರೂ ನನಗೆ ಕಾಲುವೆಯ ನೀರು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಲಿಲ್ಲ. ಸೈಕಲ್ಲಿನ ಮೇಲೆ ಅದು ಮೊದಲು ಮೂಗಿಗೆ ತಿಳಿಯಿತು. ನಾಟಿ ಮಾಡಿದ ಗದ್ದೆಯ ಕೆಸರಿನ ವಾಸನೆ ಹಿಂದೆ ಉಳಿದು, ಒಣ ತೊಗರಿ ಕಟ್ಟಿಗೆಯ ವಾಸನೆ ಎದುರಿಗೆ ಬಂತು. ಕೊಕ್ಕರೆಗಳು ನಿಂತುಹೋದವು, ಕುರಿಗಳು ಶುರುವಾದವು. ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಗುಡ್ಡಗಳು ಯಾರೋ ಬಂಡೆಗಳನ್ನು ಸುರುವಿ, ಜೋಡಿಸಲು ಮರೆತು ಹೋದಂತೆ ಕಂಡವು.

ಅಲ್ಲಿಯೇ ಮಹಿಬೂಬ ಗಕ್ಕನೆ ಬ್ರೇಕು ಹಾಕಿದ. ಹೊಲದಲ್ಲಿ ಹಕ್ಕಿ ಓಡಿಸಲು ಒಂದು ಬೆರ್ಚಪ್ಪನನ್ನು ನಿಲ್ಲಿಸಿದ್ದರು. ಬಡಿಗೆಗೆ ನೀಲಿ ಅಂಗಿ, ಮೇಲೊಂದು ಗಡಿಗೆ.

"ಆ ಅಂಗಿ ನಂದು!" ಎಂದ.

"ನಿಂದು ಅಂದ್ರ?"

"ನಾ ಹೊಲಿದದ್ದಲೇ. ಆ ಕಾಲರ್ ನೋಡು."

ಇಳಿದು ಬದುವಿನ ಮೇಲೆ ನಡೆದುಹೋಗಿ ಅಂಗಿಯನ್ನು ತಿರುವಿ ನೋಡಿದ. ಹೊಲಿಗೆ ಒಂದೂ ಬಿಚ್ಚಿರಲಿಲ್ಲವಂತೆ. ಯಾರ ಮದುವೆಗೆ ಹೊಲಿದದ್ದು ಎಂದು ನೆನಪಾಗಲಿಲ್ಲ. ಬೆರ್ಚಪ್ಪನ ಕಾಲರ್ ನೆಟ್ಟಗೆ ಮಾಡಿ, ಮೇಲಿನ ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಬಂದ. ಮುಂದೆ ಬಹಳ ಹೊತ್ತು ಅವನು ಹಾಡು ಗುನುಗುತ್ತ ತುಳಿದ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಹಂಚಿದ ಪತ್ರಗಳು ಯಾವ ಹೊಲದಲ್ಲಿಯೂ ನಿಂತಿರಲಿಲ್ಲ.

ಮಸ್ಕಿಯಲ್ಲಿ ಗುಡ್ಡ ಹತ್ತಿದೆವು. ದೊಡ್ಡ ಬಂಡೆಗಳ ನಡುವೆ, ಜಾಳಿಗೆಯ ಆಚೆ, ಕಲ್ಲಿನ ಮೇಲೆ ಸಣ್ಣ ಅಕ್ಷರಗಳು. ಕೋಳಿ ಕೆದರಿದಂತೆ ಕಾಣುತ್ತವೆ ಮೊದಲು. ಕಣ್ಣು ಹೊಂದಿಕೊಂಡ ಮೇಲೆ ಸಾಲು ಸಾಲಾಗಿ ನಿಲ್ಲುತ್ತವೆ. ಬಂಗಾರ ಹುಡುಕುತ್ತ ಈ ಗುಡ್ಡಗಳಲ್ಲಿ ಅಲೆಯುತ್ತಿದ್ದ ಗಣಿಯ ಎಂಜಿನಿಯರನೊಬ್ಬನ ಕಣ್ಣಿಗೆ ಇದು ಬಿದ್ದದ್ದಂತೆ. ಬೇಕಾದದ್ದನ್ನು ಬಿಟ್ಟು ಬೇರೇನೋ ಸಿಗುವುದು ನನ್ನ ಹೊಲಿಗೆ ಡಬ್ಬಿಯಲ್ಲಿ ಮಾತ್ರವಲ್ಲ ಎಂದಾಯಿತು. ಆದರೆ ನನ್ನ ಕುತೂಹಲ ಬೇರೆ. ಟಪಾಲಿನವನ ಕಣ್ಣಿಗೆ ಅದೂ ಒಂದು ಪತ್ರವೇ. ಪಾಟಲಿಪುತ್ರದ ರಾಜನ ಮಾತು ಮಸ್ಕಿಯವರೆಗೆ ಯಾರ ಕೈಯಲ್ಲಿ ಬಂತು? ಆ ಮನುಷ್ಯ ಎಷ್ಟು ದಿನ ನಡೆದ? ದಾರಿಯಲ್ಲಿ ಎಷ್ಟು ಮಂದಿ "ಎಲ್ಲಿಗೆ ಹೊಂಟೀಯೋ" ಎಂದು ಕೇಳಿರಬೇಕು? ಅವನ ಹತ್ತಿರ ಉತ್ತರವಿತ್ತು, ಪುಣ್ಯವಂತ.

ಸಣ್ಣವನಿದ್ದಾಗ ಪರೀಕ್ಷೆಯಲ್ಲಿ ಅಶೋಕ ಎಂಬ ಹೆಸರಿನ ಅರ್ಥ ಬರೆಯಿರಿ ಎಂದು ಕೇಳಿದ್ದರು. ನಮ್ಮ ಕಡೆ ಶೋಕಿ ಎಂದರೆ ಒಣ ಡೌಲು, ಹೊಸ ಅಂಗಿ ಹಾಕಿ ಮೆರೆಯುವುದು. ನಾನು "ಅಶೋಕ ಎಂದರೆ ಶೋಕಿ ಮಾಡದವನು" ಎಂದು ಬರೆದೆ. ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅದನ್ನು ಮಹಿಬೂಬನಿಗೆ ನೆನಪಿಸಿದೆ.

"ನೀ ಬರದಿದ್ದು ನೋಡೇ ನಾನೂ ಬರದಿದ್ದೆ. ನಾನೂ ನಿನ್ನ ಬಾಜೂನ ನಿಂತಿದ್ದೆ" ಎಂದ.

ಲಿಂಗಸುಗೂರಿನಲ್ಲಿ ಅವನ ಅಕ್ಕ ಬಾಗಿಲಲ್ಲೇ ಬೈದಳು. "ಉಮರ್ ದೇಖೋ, ಕಾಮ್ ದೇಖೋ! ಈ ವಯಸ್ಸಿನ್ಯಾಗ ಇಂಥಾ ಕೆಲಸ, ಇಬ್ರಿಗೂ ಬುದ್ಧಿ ಇಲ್ಲ." ಬೈದು, ಬಿಸಿನೀರು ಕೊಟ್ಟು, ಕಾಲಿಗೆ ಹಚ್ಚಲು ಎಣ್ಣೆ ಕೊಟ್ಟಳು.

ಈಗ ಆ ಮಾತು ಆಡಿದ ಜಾಗಕ್ಕೆ ಬಂದೆವು.

ಮರುದಿನ ಬೆಳಿಗ್ಗೆ ಹಟ್ಟಿಯ ದಾರಿ ಕವಲೊಡೆಯುವ ಕಡೆ ಚಹಾ ಕುಡಿಯಲು ನಿಂತೆವು. ಗಣಿಯ ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬ ಮನುಷ್ಯ ಅಲ್ಲಿ ಕೂತಿದ್ದ. ನಿದ್ದೆ ಹತ್ತದ ಮನುಷ್ಯನ ಕೈಗೆ ಸಿಕ್ಕರೆ ಮುಗಿಯಿತು, ಎಲ್ಲವನ್ನೂ ಕೇಳುತ್ತಾನೆ.

"ಯಾ ಊರ ಕಡೆ?"

"ಗುರುಗುಂಟಾ."

"ನಮ್ಮೂರನ! ಏನ್ ಕೆಲಸಕ್ಕ?"

"ಸುಮ್ನ."

"ಸುಮ್ನ ಯಾರ್ ಬರ್ತಾರ್ರಿ ನಮ್ಮೂರಿಗೆ? ಹೇಳ್ರಿ, ನಾ ಯಾರಿಗೂ ಹೇಳಂಗಿಲ್ಲ."

ಸಕ್ಕರೆ ಬೇನೆ, ಹರಕೆ ಎರಡೂ ಖರ್ಚಾಗಿದ್ದವು. ಮಹಿಬೂಬ ಗಾಜಿನ ಲೋಟ ಕೆಳಗಿಟ್ಟು, "ಹೆಣ್ಣು ನೋಡಾಕ ಹೊಂಟೀವ್ರಿ" ಎಂದ.

"ಹಂಗನ್ರಿ ಮತ್ತ! ಯಾರ ಮನ್ಯಾಗ?"

ಅಲ್ಲಿ ಮಹಿಬೂಬ ತಡವರಿಸಿದ. ಅವನಿಗೆ ಆ ಊರಿನಲ್ಲಿ ಯಾರ ಹೆಸರೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಮಾತು ಮುಗಿದರೆ ಸಾಕೆಂದು ನಾನು ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ. "ಬಸಣ್ಣಾರ ಮನಿಗ್ರಿ. ಊರ ಅಗಸಿ ಬಾಗಲ ಬಾಜೂಕ ಅದಾರಲ್ಲ, ಅವರು."

ಬಸಣ್ಣ ನನ್ನ ಸೋದರತ್ತೆಯ ಮಗ. ಮೂವತ್ತು ವರ್ಷ ಒಂದು ಪತ್ರವನ್ನೂ ತಪ್ಪು ಮನೆಗೆ ಹಾಕದವನು, ನಿವೃತ್ತನಾದ ಮೇಲೆ ಬರೆಯದ ಪತ್ರವೊಂದನ್ನು ಸರಿಯಾದ ವಿಳಾಸಕ್ಕೆ ತಲುಪಿಸಿದೆ.

ಮಧ್ಯಾಹ್ನದ ಹೊತ್ತಿಗೆ ಗುರುಗುಂಟಾ ಮುಟ್ಟಿದೆವು. ಹಸಿವು ಎಂದರೆ ಅಂಥಿಂಥ ಹಸಿವಲ್ಲ. ದಾರಿಯಲ್ಲಿ ಒಬ್ಬರು ಕೊಟ್ಟ ಸೀತನಿ, ಅಂದರೆ ಸುಟ್ಟ ಎಳೆಜೋಳ, ಎಂದೋ ಕರಗಿಹೋಗಿತ್ತು. ಬಸಣ್ಣನ ಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಒಳಗೆ ಜಮಖಾನೆ. ಕಟ್ಟೆಯ ಮೇಲೆ ಓಣಿಯ ಇಬ್ಬರು ಹಿರಿಯರು. ಬಸಣ್ಣ ಶುಭ್ರವಾದ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ದೊಡ್ಡ ನಗೆ ಬಂತು.

"ಅರೆ, ನೀನ ಏನು! ಇರಲಿ, ನಮ್ಮವನ ತಂದ್ರ ಮತ್ತೂ ಚಲೋ ಆತು" ಎಂದ. ಏನು ತಂದದ್ದು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

"ಏನೋ, ಇಷ್ಟು ದೂರ? ಏನ್ ಇಸೇಷ?" ಎಂದು ಕೇಳಿದ, ಏನೂ ಗೊತ್ತಿಲ್ಲದವನಂತೆ.

ಎರಡು ದಿನ ಸುಳ್ಳು ಹೇಳಿ ದಣಿದಿದ್ದ ನನಗೆ ಸ್ವಂತ ಬಳಗದ ಮುಂದೆ ನಿಜ ಹೇಳುವ ಆಸೆಯಾಯಿತು. "ಏನಿಲ್ಲಪಾ. ಹಿಂಗ ಸುಮ್ನ ಬಂದ್ವಿ" ಎಂದೆ.

ಹಿರಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಹೌದೌದು. ಎಲ್ಲಾರೂ ಮೊದ್ಲ ಸುಮ್ನ ಬರ್ತಾರ" ಎಂದರು ಒಬ್ಬರು.

ನಿಮಗೆ ತಿಳಿಯದ್ದೇನಲ್ಲ. ಸಂಬಂಧ ಕೇಳಲು ಬಂದವರು ಬಾಗಿಲಲ್ಲಿ ನಿಂತು ನಿಮ್ಮ ಮಗಳನ್ನು ಕೇಳಲು ಬಂದೆವು ಎನ್ನುವುದಿಲ್ಲ. ಈ ಕಡೆ ಬಂದಿದ್ದೆವು, ಸುಮ್ಮನೆ ಮುಖ ತೋರಿಸಿ ಹೋಗೋಣವೆಂದು ಬಂದೆವು ಎನ್ನುತ್ತಾರೆ. ಆ 'ಸುಮ್ನ' ಕಿವಿಗೆ ಬಿದ್ದ ಕೂಡಲೇ ಒಳಗೆ ಶಿರಾ ಮಾಡಲು ರವೆ ಹುರಿಯುತ್ತಾರೆ. ಈ ರಿವಾಜು ನನಗೂ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಶಿರಾದ ವಾಸನೆ ಬಂದಾಗಲೂ, ನಿವೃತ್ತ ಟಪಾಲಿನವನಿಗೆ ಎಷ್ಟು ಮರ್ಯಾದೆ ಎಂದು ಮಹಿಬೂಬನ ಕಡೆ ನೋಡಿ ಹುಬ್ಬು ಹಾರಿಸಿದೆ.

ಬಸಣ್ಣನ ಮಗಳು ಭಾಗ್ಯ ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ಬಂದಳು. ಕಣ್ಣು ಕೆಂಪಾಗಿದ್ದವು.

"ಏನವಾ ಭಾಗ್ಯಾ, ಇವತ್ತ ಏನ್ ಹಬ್ಬ?" ಎಂದೆ.

"ಅದನ್ನ ನೀವ ಹೇಳಬೇಕು ಮಾಮಾ" ಎಂದು ತಟ್ಟೆಯನ್ನು ಟಕ್ಕೆಂದು ಇಟ್ಟು ಹೋದಳು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ತಂಬಿಗೆ ಹಿಡಿದು ಅವಳೇ ಬಂದಳು, ನೀರು ಹಾಕಲಿಲ್ಲ.

"ಹುಡುಗ ಯಾರ್ರಿ?"

"ಯಾ ಹುಡುಗ?"

"ಆಟ ಆಡಬ್ಯಾಡ್ರಿ ಮಾಮಾ. ಹಟ್ಟಿಯಿಂದ ಫೋನ್ ಬಂದೈತಿ. ಬಸಣ್ಣಾರ ಮನಿಗೆ ಹೆಣ್ಣು ನೋಡಾಕ ಇಬ್ರು ಸೈಕಲ್ ಮ್ಯಾಲೆ ಹೊಂಟಾರಂತ. ಅಪ್ಪ ಏನಂದ ಗೊತ್ತೇನ್ರಿ? ಸೈಕಲ್ ಮ್ಯಾಲೆ ಬರ್ತಾರಂದ್ರ ಭಾಳ ಸಾದಾ ಮಂದಿ, ಇಂಥವರು ಸಿಗಂಗಿಲ್ಲ ಅಂದ."

ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಅವಳು ಹೇಳಿದ್ದು ಇಷ್ಟು. ಜಮೀನು ಅಳೆಯುವ ಸರ್ವೇಯರ್ ಕೆಲಸದ ತರಬೇತಿಗೆ ಅವಳು ಆಯ್ಕೆಯಾಗಿದ್ದಳು. ಸೋಮವಾರ ರಾಯಚೂರಿಗೆ ಹೋಗಿ ಸೇರಬೇಕು. ಬಸಣ್ಣ ಎರಡು ತಿಂಗಳು ಬೇಡವೆಂದು, ಕೊನೆಗೆ ಒಪ್ಪಿದ್ದ. ಆದರೆ ಒಂದು ಕರಾರು: ಸಂಬಂಧ ಬರುವ ತನಕ ಹೋಗು, ಬಂದ ದಿನ ಬಂದ್.

"ಇವತ್ತ ಶುಕ್ರವಾರ. ಇನ್ನ ಎರಡು ದಿನ ನಿಮಗ ತಡ್ಯಾಕ ಆಗ್ಲಿಲ್ಲೇನ್ರಿ?" ಎಂದಳು.

ನಾನು ಕೈ ತೊಳೆಯದೆಯೇ ಒಳಗೆ ಓಡಿದೆ. "ಬಸಣ್ಣಾ, ನಾವು ಹೆಣ್ಣು ನೋಡಾಕ ಬಂದಿಲ್ಲ. ಅದು ಚಾದ ಅಂಗಡ್ಯಾಗ ಚ್ಯಾಷ್ಟಿಗೆ ಅಂದ ಮಾತು."

"ಆತು ಬಿಡು" ಎಂದು ಬಸಣ್ಣ ನನ್ನ ಬೆನ್ನು ತಟ್ಟಿದ. "ಮೊದ್ಲ ಹಂಗ ಅನ್ನೂದು. ನಾನೂ ನನ್ನ ತಂಗೀಗೆ ವರ ನೋಡಾಕ ಹ್ವಾದಾಗ ಹಂಗ ಅಂದಿದ್ದೆ."

"ಅಲ್ಲಾನ ಆಣಿ ಬಸಣ್ಣಾ" ಎಂದ ಮಹಿಬೂಬ, "ಹುಡುಗನೂ ಇಲ್ಲ, ಹುಡುಗನ ಫೋಟೋನೂ ಇಲ್ಲ."

"ಆಣಿ ಮಾಡಾಕತ್ತಾರ" ಎಂದರು ಕಟ್ಟೆಯ ಹಿರಿಯರೊಬ್ಬರು ಇನ್ನೊಬ್ಬರಿಗೆ. "ಅಂದ್ರ ದೊಡ್ಡ ಮನಿತನನ ಇರಬೇಕು. ಸಣ್ಣ ಮಂದಿ ಇಷ್ಟು ಬಿಗಿ ಮಾಡಂಗಿಲ್ಲ."

ಇಲ್ಲ ಎಂದಷ್ಟೂ ಆ ಇಲ್ಲದ ಹುಡುಗ ಬೆಳೆಯುತ್ತ ಹೋದ. ಅರ್ಧ ತಾಸಿನಲ್ಲಿ ಅವನಿಗೆ ಸರಕಾರಿ ನೌಕರಿ ಸಿಕ್ಕಿತು. ಕಾಲುವೆಯ ನೀರು ಹಾಯುವ ಹೊಲ ಬಂತು. ಒಬ್ಬನೇ ಮಗ ಎಂದೂ ಆಯಿತು. ಇನ್ನೊಂದು ತಾಸು ಬಿಟ್ಟಿದ್ದರೆ ನನಗೇ ಅವನ ಮೇಲೆ ಅಭಿಮಾನ ಹುಟ್ಟುತ್ತಿತ್ತು. ನಿಜ ಹೇಳಲು ನನ್ನ ಹತ್ತಿರ ಇದ್ದದ್ದು 'ಸುಮ್ನ' ಎಂಬ ಒಂದೇ ಮಾತು. ಅದು ಈ ಮನೆಯಲ್ಲಿ ಸುಳ್ಳಿನ ಗುರುತಾಗಿ ಕೂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ನಮ್ಮ ಅತ್ತೆ ಕಣ್ಣು ತೆರೆದಳು. ಎಂಬತ್ತು ದಾಟಿದ ಜೀವ. ಕಿವಿ ಮಂದ. ನಾನು ಸಣ್ಣವನಿದ್ದಾಗ ಬೇಸಿಗೆಯ ರಜೆಗೆ ಬಂದರೆ ಮೊದಲು ಕೇಳುತ್ತಿದ್ದದ್ದನ್ನೇ ಈಗಲೂ ಕೇಳಿದಳು.

"ಈರ್ಯಾ ಉಂಡಾನೇನು?"

"ಉಣ್ಣಂಗಿಲ್ಲಬೇ ಅಂವ" ಎಂದು ಬಸಣ್ಣ ಜೋರಾಗಿ ಹೇಳಿದ. "ಹೆಣ್ಣು ನೋಡಾಕ ಬಂದಾನ. ಉಣ್ಣಬಾರದು."

ಹೌದಲ್ಲ! ಮಾತು ಮುಗಿಯುವ ತನಕ ಹೆಣ್ಣಿನ ಮನೆಯಲ್ಲಿ ಶಿರಾ ತಿನ್ನಬಹುದು, ಚಹಾ ಕುಡಿಯಬಹುದು, ಊಟಕ್ಕೆ ಮಾತ್ರ ಕೂಡುವಂತಿಲ್ಲ. ಉಂಡರೆ ಋಣ ಬೀಳುತ್ತದೆ, ಆಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂದು ಹಿರಿಯರು ಮಾಡಿದ ಕಟ್ಟಳೆ. ನಾನು ಭಾಗ್ಯಳ ಕಡೆ ನೋಡಿದೆ. ಅವಳೂ ತಲೆಯೆತ್ತಿ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು.

"ಅತ್ತೀ!" ಎಂದು ಕೂಗಿದೆ. "ಹಸ್ತೀನಿ! ರೊಟ್ಟಿ ಹಾಕ್ಸು!"

ಕಟ್ಟೆಯ ಹಿರಿಯರು ಕತ್ತು ಚಾಚಿ ಒಳಗೆ ನೋಡಿದರು.

"ಏ, ಈರಣ್ಣಾ" ಎಂದ ಬಸಣ್ಣ ಮೆಲ್ಲಗೆ, "ಮೊದ್ಲ ಮಾತು, ಆಮ್ಯಾಲೆ ಊಟ."

"ನಾ ಉಣ್ಣಾಕ ಕುಂದ್ರತೀನಿ" ಎಂದು ಮಹಿಬೂಬ ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಸಿಂಧನೂರಿಂದ ತುಳ್ಕೊಂತ ಬಂದೀನಿ, ನನಗ ಮಾತಿಲ್ಲ."

ಭಾಗ್ಯ ಒಳಗೆ ಓಡಿದಳು. ರೇಷ್ಮೆ ಸೀರೆ ಬದಲಿಸಿ ಒಲೆಯ ಮುಂದೆ ತಾನೇ ಕೂತಳು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು, ಟಪ ಟಪ ಟಪ. ಮೊದಲ ರೊಟ್ಟಿ ಬಂತು, ಪುಂಡಿಪಲ್ಯ, ಶೇಂಗಾ ಚಟ್ನಿ. ಒಂದು ರೊಟ್ಟಿ ಬಾಯಿ ರುಚಿಗೆ ತಿಂದಾರು ಎಂದು ಬಸಣ್ಣ ಹಿರಿಯರಿಗೆ ಸಮಾಧಾನ ಹೇಳಿದ. ಎರಡನೆಯದು ಹೋಯಿತು. ಮೂರನೆಯದಕ್ಕೆ ಮಹಿಬೂಬ ಉಳ್ಳಾಗಡ್ಡಿ ಕೇಳಿದ. ನಾಲ್ಕನೆಯದಕ್ಕೆ ನಾನು ಮೊಸರು ಕೇಳಿದೆ. ಐದನೆಯ ರೊಟ್ಟಿ ನನ್ನ ತಟ್ಟೆಗೆ ಬಿದ್ದಾಗ ಕಟ್ಟೆಯ ಹಿರಿಯರೊಬ್ಬರು ಎದ್ದು ಟವೆಲ್ ಝಾಡಿಸಿದರು.

"ಬಸಣ್ಣಾ, ಇವು ಹೆಣ್ಣು ನೋಡಾಕ ಬಂದಿಲ್ಲಪಾ. ಇವು ಉಣ್ಣಾಕ ಬಂದಾವು" ಎಂದು ಹೊರಟೇಬಿಟ್ಟರು. ಇನ್ನೊಬ್ಬರು ಉಳಿದಿದ್ದ ಶಿರಾವನ್ನು ಮುಗಿಸಿ ಅವರ ಹಿಂದೆಯೇ ಹೋದರು.

ಹಸಿವು ಮೂರನೆಯ ರೊಟ್ಟಿಗೇ ಮುಗಿದಿತ್ತು. ಆದರೆ ಬಸಣ್ಣ ಇನ್ನೂ ನನ್ನನ್ನೇ ನೋಡುತ್ತಿದ್ದ. ಒಳಗಿನ ಸದ್ದು ಹೊತ್ತು ಹೋದಂತೆ ಜೋರಾಗುತ್ತಿತ್ತು. ಭಾಗ್ಯ ಬಿಸಿ ರೊಟ್ಟಿ ತಂದು ಹಾಕುವಾಗ ಬಾಗಿ, "ಇನ್ನೊಂದ ಮಾಮಾ, ಇನ್ನೊಂದ" ಎಂದು ಪಿಸುಗುಟ್ಟುತ್ತಿದ್ದಳು. ನಾನು ಉಸಿರು ಹಿಡಿದು ತಿಂದೆ. ಅತ್ತೆಗೆ ಮಾತ್ರ ಇದಾವುದರ ಗೊಡವೆಯಿಲ್ಲ. ನನ್ನ ಬಾಯಿಯನ್ನೇ ನೋಡುತ್ತ, "ಬೀಗ ಆಗಾಂವ ಚಾ ಕುಡದು ಹೊಕ್ಕಾನ, ಬಳಗದಾಂವ ಉಂಡು ಮಕ್ಕೊಂತಾನ. ಈರ್ಯಾ ನಮ್ಮಾಂವ" ಎಂದಳು. ತೀರ್ಪು ಕೊಟ್ಟು ಮತ್ತೆ ಕಣ್ಣು ಮುಚ್ಚಿದಳು.

ಉಂಡು ಮಲಗಿದೆವು. ಮಲಗಿದೆವು ಎನ್ನುವುದೂ ಸೌಮ್ಯವಾದ ಮಾತು, ಬಿದ್ದೆವು. ಸಂಜೆಗೆ ಎದ್ದಾಗ ಬಸಣ್ಣ ಎಲ್ಲಿಗೋ ಹೋಗಿದ್ದ. ಬಂದ ಮೇಲೂ ಹೆಚ್ಚು ಮಾತಾಡಲಿಲ್ಲ. ಸೋಮವಾರದ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಲು ಹೋದಾಗ ಭಾಗ್ಯಳ ತಾಯಿ ಕಣ್ಣಿನಿಂದಲೇ ಬೇಡವೆಂದಳು. ಹತ್ತು ಮಂದಿಯ ಮುಂದೆ ಮುಖ ಸಣ್ಣದಾದ ಮನುಷ್ಯ, ಆ ಸಿಟ್ಟಿಗೇ ಮಗಳಿಗೆ ಹೋಗಬೇಡ ಎಂದರೂ ಎಂದನೇ.

ಬೆಳಿಗ್ಗೆ ಹೊರಟಾಗ ಬಸಣ್ಣ ತಾನೇ ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಊರ ಹೊರಗಿನ ತನಕ ನಡೆಸಿಕೊಂಡು ಬಂದ. ಮಹಿಬೂಬ ಮುಂದೆ ಹೋಗಿದ್ದ. ಬೇವಿನ ಗಿಡದ ಹತ್ತಿರ ಬಸಣ್ಣ ನಿಂತ. ಹಿಂದೆ ಮುಂದೆ ನೋಡಿದ.

"ಈಗ ಇಲ್ಲಿ ಯಾರೂ ಇಲ್ಲ. ಖರೆ ಹೇಳು. ಹುಡುಗ ಯಾ ಊರಾಂವ?"

"ಹುಡುಗ ಇಲ್ಲೋ ಮಾರಾಯಾ."

"ಖರೇನ?"

"ಎಂಟು ರೊಟ್ಟಿ ಉಂಡೀನಿ."

ಅವನು ನಿಧಾನವಾಗಿ ತಲೆಯಾಡಿಸಿದ. ಹ್ಯಾಂಡಲ್ ಮಾತ್ರ ಬಿಡಲಿಲ್ಲ. ದೂರದ ಜೋಳದ ಹೊಲದ ಕಡೆ ನೋಡಿದ. ಮಾತಾಡಬೇಕೆಂದು ನನ್ನ ಬಾಯಿ ತುರಿಸುತ್ತಿತ್ತು. ಆದರೆ ಎರಡು ದಿನದಲ್ಲಿ ಬೇಕಾದಷ್ಟು ಮಾತಾಡಿದ್ದೆ, ಸುಮ್ಮನಿದ್ದೆ.

"ರಾಯಚೂರಾಗ ಆ ಟ್ರೇನಿಂಗಿನ ಹಾಸ್ಟೆಲ್ಲಿನ್ಯಾಗ ಎರಡು ಹೊತ್ತೂ ಬರೇ ಅನ್ನ ಹಾಕ್ತಾರಂತ. ಹೌದೇನು?" ಎಂದ.

"ನನಗ ಗೊತ್ತಿಲ್ಲೋ."

"ಆಕಿಗೆ ಅನ್ನ ಹಿಡಿಸಂಗಿಲ್ಲ." ಹ್ಯಾಂಡಲ್ ಮೇಲೆ ಕೈಯಾಡಿಸುತ್ತ, "ಖಡಕ್ ರೊಟ್ಟಿ ಮಾಡಿ ಕಟ್ಟಿದ್ರ ಹದಿನೈದು ದಿನ ಇರ್ತಾವಲ್ಲ?" ಎಂದ.

"ತಿಂಗಳಾದ್ರೂ ಇರ್ತಾವ."

"ಹಂಗಾರ ಇವತ್ತ ಜ್ವಾಳ ಬೀಸಾಕ ಹಾಕಬೇಕು" ಎಂದು ಬಸಣ್ಣ ಹ್ಯಾಂಡಲ್ ನನ್ನ ಕೈಗೆ ಕೊಟ್ಟು, ಹಿಟ್ಟಿನ ಗಿರಣಿ ತೆರೆದಿದೆಯೋ ಇಲ್ಲವೋ ಎಂದು ಗೊಣಗುತ್ತ ಲಗುಬಗೆಯಿಂದ ಊರ ಕಡೆ ನಡೆದ.